ದುಡುಕುವ ಮಕ್ಕಳಿಗೆ ತಡೆದು ಯೋಚಿಸಲು ಕಲಿಸುವುದು ಹೇಗೆ?

'ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ' ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಅಂದರೆ ಏಳನೇ ತರಗತಿಯ ಹುಡುಗ ಅರ್ಧ ಪುಟ ಬರೆದು ಪೂರ್ತಿ ಅಂಕ ತೆಗೆದುಕೊಳ್ಳುತ್ತಾನೆ. ಅದೇ ಹುಡುಗ ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ಹಿಂದಿನವನ ತಟ್ಟೆ ಬೆನ್ನಿಗೆ ತಾಗಿದ್ದೇ ತಡ, ತಿರುಗಿ ನೋಡುವುದಕ್ಕೂ ಮೊದಲೇ ಮೊಣಕೈ ಬೀಸಿರುತ್ತಾನೆ. ಅವನಿಗೆ ಗೊತ್ತಿಲ್ಲದ್ದು ಏನೂ ಇಲ್ಲ. ಗೊತ್ತಿರುವುದು ಕೈಗೆ ಇಳಿದಿಲ್ಲ, ಅಷ್ಟೆ. ಹಾಗಾಗಿ ಬುದ್ಧಿಮಾತು ಎಷ್ಟು ಹೇಳಿದರೂ ದುಡುಕು ಹೋಗುವುದಿಲ್ಲ. ತಡೆಯುವುದು ಈಜಿನ ಹಾಗೆ ಮೈಗೆ ಬರಬೇಕಾದ ವಿದ್ಯೆ. ಮನಸ್ಸು ತಣ್ಣಗಿರುವ ಹೊತ್ತಿನಲ್ಲಿ, ಆಟವಾಗಿ, ಮತ್ತೆ ಮತ್ತೆ ಮಾಡಿಸಿದರೆ ಮಾತ್ರ ಬಿಸಿಯೇರಿದ ಹೊತ್ತಿನಲ್ಲಿ ಒದಗುತ್ತದೆ.

ಇಲ್ಲಿ ಹೇಳಿರುವ ಕ್ರಮ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ. ಶಾಲೆಯಲ್ಲಿ ಶಿಕ್ಷಕರು, ಮನೆಯಲ್ಲಿ ಅಪ್ಪ ಅಮ್ಮ, ಅಜ್ಜಿ ತಾತ ಯಾರು ಬೇಕಾದರೂ ಮಾಡಿಸಬಹುದು. ಬೇಕಾಗುವ ಸಾಮಾನು ಒಂದು ಸೀಮೆಸುಣ್ಣ, ಒಂದು ನೋಟ್‌ಬುಕ್, ದೊಡ್ಡ ಮಕ್ಕಳಿಗೆ ಜೋಡಿಗೊಂದು ರಬ್ಬರ್ ಚೆಂಡು. ದಿನಕ್ಕೆ ಹತ್ತು ನಿಮಿಷ, ವಾರಕ್ಕೆ ನಾಲ್ಕು ದಿನ, ಕನಿಷ್ಠ ಎಂಟು ವಾರ. ಎರಡನೇ ವಾರಕ್ಕೇ ಫಲ ಹುಡುಕಲು ಹೋಗಬೇಡಿ. ಹಠಾತ್ತನೆ ಏಳುವ ಆಸೆಯನ್ನೂ ಸಿಟ್ಟನ್ನೂ ಹಿಡಿದು ನಿಲ್ಲಿಸುವ ಕೆಲಸ ಮಿದುಳಿನ ಮುಂಭಾಗದ್ದು; ಅದು ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಎಂಟು ವರ್ಷದ ಮಗುವಿನಿಂದ ದೊಡ್ಡವರ ಸಂಯಮ ಕೇಳುವುದು ನ್ಯಾಯವಲ್ಲ. ವಾರಕ್ಕೆ ಹತ್ತು ಸಲ ದುಡುಕುತ್ತಿದ್ದ ಮಗು ಎರಡು ತಿಂಗಳ ನಂತರ ಆರು ಸಲ ದುಡುಕಿದರೆ ಅದನ್ನು ದೊಡ್ಡ ಗಳಿಕೆ ಅಂತಲೇ ಎಣಿಸಿ.

ಮೊದಲ ವಾರ ಏನೂ ಕಲಿಸಬೇಡಿ

ಬರೀ ನೋಡಿ, ಬರೆದಿಡಿ. ಪುಟಕ್ಕೆ ನಾಲ್ಕು ಕಲಂ ಹಾಕಿ: ಗಂಟೆ ಎಷ್ಟು, ಅದಕ್ಕೆ ಸ್ವಲ್ಪ ಮೊದಲು ಏನಾಯಿತು, ಮಗು ಏನು ಮಾಡಿತು, ಹಾಗೆ ಮಾಡಿದ್ದರಿಂದ ಅದಕ್ಕೆ ಏನು ಸಿಕ್ಕಿತು. ನಾಲ್ಕನೇ ಕಲಂ ಅನ್ನು ಬಹಳ ಜನ ಖಾಲಿ ಬಿಡುತ್ತಾರೆ. ಅಸಲು ವಿಷಯ ಇರುವುದೇ ಅಲ್ಲಿ. ಕೈ ಎತ್ತದೆ ಕೂಗಿ ಉತ್ತರ ಹೇಳಿದವನಿಗೆ ಮೇಷ್ಟರಿಂದ 'ಸರಿ, ಕೂತ್ಕೋ' ಸಿಕ್ಕಿದ್ದರೆ ಕೂಗುವುದು ಅವನಿಗೆ ಲಾಭದ ಕೆಲಸ. ತಂಗಿಯ ಕೈಯಿಂದ ರಿಮೋಟ್ ಕಿತ್ತುಕೊಂಡವನು ಬೈಸಿಕೊಂಡ ಮೇಲೂ ರಿಮೋಟ್ ಅವನ ಕೈಯಲ್ಲೇ ಉಳಿದಿದ್ದರೆ, ನಾಳೆಯೂ ಕಿತ್ತುಕೊಳ್ಳುತ್ತಾನೆ. ಇಂಥ ಕಡೆ ಮಗುವಿಗೆ ಏನಾದರೂ ಕಲಿಸುವ ಮೊದಲು ಆ ಲಾಭ ನಿಲ್ಲಬೇಕು. ಕೂಗಿದ ಉತ್ತರ ಸರಿಯಿದ್ದರೂ ತೆಗೆದುಕೊಳ್ಳಬೇಡಿ, ಕಿತ್ತುಕೊಂಡ ವಸ್ತು ಮೊದಲಿದ್ದವರ ಕೈಗೆ ವಾಪಸ್ ಹೋಗಲಿ. ಬೈಗುಳ ಬೇಕಾಗಿಲ್ಲ.

ಐದು ದಿನ ಬರೆದರೆ ಹೊತ್ತಿನ ಲೆಕ್ಕವೂ ಕಾಣತೊಡಗುತ್ತದೆ. ಶಾಲೆಯಲ್ಲಿ ಸಾಮಾನ್ಯವಾಗಿ ಊಟಕ್ಕೆ ಮುಂಚಿನ ಪೀರಿಯಡ್, ಆಟದ ಪೀರಿಯಡ್ ಮುಗಿದ ಮೊದಲ ಹತ್ತು ನಿಮಿಷ. ಮನೆಯಲ್ಲಾದರೆ ಸಂಜೆ ಹಸಿದು ಬಂದ ಅರ್ಧ ಗಂಟೆ, ರಾತ್ರಿ ಮಲಗುವ ಮುಂಚೆ. ಹಸಿವು, ನಿದ್ದೆಗೇಡು ಇದ್ದಲ್ಲಿ ಯಾವ ಅಭ್ಯಾಸವೂ ಹತ್ತುವುದಿಲ್ಲ. ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಮೂರು ದಾಟಿದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ಆರಕ್ಕೆ ಎದ್ದು ಟ್ಯೂಷನ್ನಿಗೆ ಓಡುವ ಹತ್ತು ವರ್ಷದ ಮಗುವಿಗೆ ಮೊದಲು ನಿದ್ದೆ ಕೊಡಿ. ಮಿಕ್ಕಿದ್ದೆಲ್ಲ ಆಮೇಲೆ.

ಕೆರೆ–ದಡ, ಆದರೆ ಔಟ್ ಇಲ್ಲದೆ

ತಡೆಯುವುದನ್ನು ಕಲಿಸಲು ನಮ್ಮ ಅಂಗಳದಲ್ಲೇ ಇರುವ ಆಟ ಇದು. ಮನಶ್ಶಾಸ್ತ್ರದ ಪ್ರಯೋಗಾಲಯಗಳಲ್ಲಿ 'ಗೋ–ನೋ ಗೋ' ಎಂಬ ಪರೀಕ್ಷೆ ಮಾಡಿಸುತ್ತಾರೆ. ಒಂದು ಸಂಕೇತ ಬಂದರೆ ಗುಂಡಿ ಒತ್ತಬೇಕು, ಇನ್ನೊಂದು ಬಂದರೆ ಏಳುತ್ತಿರುವ ಬೆರಳನ್ನು ತಡೆಯಬೇಕು. ಕೆರೆ–ದಡದಲ್ಲಿ ಬೆರಳಿನ ಬದಲು ಇಡೀ ಮೈ ಇದೆ.

ಸೀಮೆಸುಣ್ಣದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಈ ಕಡೆ ದಡ, ಆ ಕಡೆ ಕೆರೆ. ಒಂದು ಗೆರೆಗೆ ಹತ್ತು–ಹನ್ನೆರಡು ಮಕ್ಕಳು ಸಾಕು, ತೋಳಿಗೆ ತೋಳು ತಾಗದಷ್ಟು ಅಂತರ ಬಿಟ್ಟು ನಿಲ್ಲಲಿ. 'ಕೆರೆ' ಅಂದರೆ ಜೋಡಿಗಾಲಲ್ಲಿ ಮುಂದಕ್ಕೆ, 'ದಡ' ಅಂದರೆ ಹಿಂದಕ್ಕೆ. ಕೆರೆಯಲ್ಲಿದ್ದಾಗಲೇ ಮತ್ತೆ 'ಕೆರೆ' ಅಂದರೆ ಅಲ್ಲಾಡಕೂಡದು.

ವಾಡಿಕೆಯಲ್ಲಿ ತಪ್ಪಿದವರು ಔಟಾಗಿ ಪಕ್ಕಕ್ಕೆ ಹೋಗುತ್ತಾರೆ. ಕಲಿಸುವುದಕ್ಕೆ ಆಡಿಸುವಾಗ ಈ ನಿಯಮ ಬಿಡಲೇಬೇಕು. ದುಡುಕುವ ಮಗು ಮೊದಲ ನಿಮಿಷಕ್ಕೇ ಔಟಾಗಿ ಕಟ್ಟೆಯ ಮೇಲೆ ಕೂರುತ್ತದೆ, ಮೊದಲೇ ತಡೆಯಲು ಬಲ್ಲ ಮಗು ಹತ್ತು ನಿಮಿಷ ಆಡುತ್ತದೆ. ಅಭ್ಯಾಸ ಬೇಕಾದವರಿಗೆ ಅಭ್ಯಾಸ ಸಿಗುವುದಿಲ್ಲ. ಅದರ ಬದಲು, ತಪ್ಪಿದವರು ಒಂದು ಸುತ್ತಿನ ಮಟ್ಟಿಗೆ ತೀರ್ಪು ಹೇಳುವ ಪಂಚರಾಗಲಿ: ಗೆರೆಯ ತುದಿಯಲ್ಲಿ ಕೂತು ಉಳಿದವರ ಕಾಲು ನೋಡಿ ಯಾರು ತಪ್ಪಿದರು ಅಂತ ಹೇಳಿ, ಮತ್ತೆ ಆಟಕ್ಕೆ ಸೇರಲಿ. ಪಂಚನಾಗಿ ಕೂತ ಅರ್ಧ ನಿಮಿಷದಲ್ಲಿ ಮಗು ಇತರರ ಮೈಯಲ್ಲಿ ದುಡುಕು ಹೇಗೆ ಕಾಣುತ್ತದೆ ಅನ್ನುವುದನ್ನು ನೋಡಿರುತ್ತದೆ.

ನೀವೂ ಕಾಲುಗಳನ್ನೇ ನೋಡಿ. ಕೆರೆಯಲ್ಲಿ ನಿಂತ ಹುಡುಗಿಗೆ 'ಕೆರೆ' ಅಂದಾಗ ಹಿಮ್ಮಡಿ ನೆಲ ಬಿಟ್ಟಿದೆ, ಮಂಡಿ ಬಾಗಿದೆ, ಮೈ ಮುಂದಕ್ಕೆ ವಾಲಿದೆ, ಬೆರಳುಗಳು ಮಾತ್ರ ನೆಲ ಕಚ್ಚಿ ಹಿಡಿದಿವೆ. ಅವಳು ಹಾರಲಿಲ್ಲ. ಅಲುಗಾಡಿದಳು ಅಂತ ಅವಳನ್ನು ತಪ್ಪಿತಸ್ಥಳ ಲೆಕ್ಕಕ್ಕೆ ಹಾಕಿದರೆ ಇಡೀ ಆಟ ದಂಡ. ಕಲ್ಲಿನಂತೆ ನಿಂತವಳಿಗಿಂತ ಹೆಚ್ಚು ಕೆಲಸ ಮಾಡಿದವಳು ಇವಳು: ಶುರುವಾಗಿಬಿಟ್ಟಿದ್ದನ್ನು ನಡುವೆ ಹಿಡಿದಳು. ಹೊಗಳಬೇಕಾದ್ದು ಅದನ್ನೇ, ಅದೂ ಹೆಸರು ಹಿಡಿದು: 'ಕಾಲು ಎದ್ದಿತ್ತು, ನೀನೇ ಹಿಡ್ಕೊಂಡೆ, ನೋಡ್ದೆ ನಾನು.' ಬರೀ 'ವೆರಿ ಗುಡ್' ಅಂದರೆ ಯಾವುದಕ್ಕೆ ಅಂದಿರಿ ಅಂತ ಮಗುವಿಗೆ ತಿಳಿಯುವುದಿಲ್ಲ.

ಕಷ್ಟವನ್ನು ವಾರ ವಾರಕ್ಕೆ ಏರಿಸಬೇಕು. ಆಟ ಶುರುಮಾಡಿದ ಮೊದಲ ವಾರ ಸಾದಾ ಆಟ. ಎರಡನೇ ವಾರ ಅರ್ಥ ಅದಲು ಬದಲು: 'ಕೆರೆ' ಅಂದರೆ ದಡಕ್ಕೆ, 'ದಡ' ಅಂದರೆ ಕೆರೆಗೆ. ಮೂರನೇ ವಾರ ಬಾಯಿ ಒಂದು ಹೇಳಲಿ, ಕೈ ಇನ್ನೊಂದು ಕಡೆ ತೋರಿಸಲಿ. ಬಾಯಿಯ ಮಾತನ್ನೇ ಕೇಳಬೇಕು. ನಾಲ್ಕನೇ ವಾರದಿಂದ ತಡದ ಆಟ: ಕೂಗು ಕೇಳಿದ ತಕ್ಷಣ ಹಾರಬಾರದು, ಆಮೇಲೆ ಬರುವ ಚಪ್ಪಾಳೆಗೆ ಹಾರಬೇಕು. ಚಪ್ಪಾಳೆಯನ್ನು ಒಮ್ಮೆ ಒಂದು ಸೆಕೆಂಡಿಗೆ, ಒಮ್ಮೆ ನಾಲ್ಕು ಸೆಕೆಂಡಿಗೆ ಹೊಡೆಯಿರಿ. ಈ ನಾಲ್ಕನೆಯದೇ ನಮಗೆ ಬೇಕಾದ ಕೌಶಲಕ್ಕೆ ಅತಿ ಹತ್ತಿರ, ಅವಸರಪಟ್ಟು ಇಲ್ಲಿಗೆ ಜಿಗಿಯಬೇಡಿ.

ವೇಗ ತಪ್ಪಿದರೆ ಆಟ ಕೆಡುತ್ತದೆ. ಕೂಗುಗಳ ನಡುವೆ ಒಂದೂವರೆ–ಎರಡು ಸೆಕೆಂಡು ಇರಲಿ. ತೀರಾ ವೇಗವಾದರೆ ಮಕ್ಕಳು ಪಕ್ಕದವರನ್ನು ನೋಡಿ ಹಾರುತ್ತಾರೆ, ತೀರಾ ನಿಧಾನವಾದರೆ ತಡೆಯಬೇಕಾದ ತುಡಿತವೇ ಹುಟ್ಟುವುದಿಲ್ಲ. ಹತ್ತು ಕೂಗಿನಲ್ಲಿ ಎರಡು ಮೂರು ಮಾತ್ರ 'ಅಲ್ಲಾಡಬೇಡ' ಕೂಗುಗಳಾಗಿರಬೇಕು. ಅರ್ಧಕ್ಕರ್ಧ ಅವೇ ಆದರೆ ಮಕ್ಕಳು ಕಾದು ನಿಲ್ಲುತ್ತಾರೆ, ತಡೆಯುವ ಪ್ರಮೇಯವೇ ಬರುವುದಿಲ್ಲ.

ಮನೆಯಲ್ಲಿ ಒಂದೇ ಮಗುವಿದ್ದರೆ ಅಳಗುಳಿ ಮಣೆ, ಚೌಕಾಬಾರ ಆಗುತ್ತದೆ. ಒಂದೇ ನಿಯಮ ಸೇರಿಸಿ: ಯಾವ ಗುಳಿಯಿಂದ ಎತ್ತುತ್ತೀಯ, ಕೊನೆಯ ಕಾಳು ಎಲ್ಲಿ ಬೀಳುತ್ತದೆ ಅಂತ ಬಾಯಲ್ಲಿ ಹೇಳುವವರೆಗೆ ಕೈ ಮಣೆ ಮುಟ್ಟಬಾರದು. ಈ ನಿಯಮ ಆಡಿಸುವವರಿಗೂ ಅನ್ವಯ.

ಆಟ ಅಂಗಳದಲ್ಲೇ ಉಳಿಯಬಾರದು

ಎಚ್ಚರ ಬೇಕಾದ ಜಾಗ ಇದು. ಮಿದುಳಿಗೆ ವ್ಯಾಯಾಮ ಅಂತ ಮಾರುವ ಕಂಪ್ಯೂಟರ್ ಆಟಗಳ ಮೇಲೆ ನಡೆದ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡದ್ದು ಇಷ್ಟು: ಆಡಿದ ಆಟದಲ್ಲಿ ಮಕ್ಕಳು ಚುರುಕಾಗುತ್ತಾರೆ, ಆ ಚುರುಕು ಬದುಕಿನ ಬೇರೆ ಕಡೆಗೆ ತಾನಾಗಿ ಹರಿಯುವುದು ಬಹಳ ಕಡಿಮೆ. ಕೆರೆ–ದಡಕ್ಕೂ ಇದು ಅನ್ವಯಿಸುತ್ತದೆ. ಹರಿಯುವ ದಾರಿಯನ್ನು ನಾವೇ ತೋಡಬೇಕು.

ಅದಕ್ಕೆ ಆಟದ ಮಾತನ್ನೇ ಬಳಸಿ. ಪ್ರತಿ ಆಟದ ಕೊನೆಗೆ ಎರಡೇ ನಿಮಿಷ ವೃತ್ತವಾಗಿ ಕೂರಿಸಿ ಎರಡು ಪ್ರಶ್ನೆ ಕೇಳಿ: 'ಕಾಲು ತಾನೇ ಹಾರಿಬಿಡ್ತು ಅನ್ನಿಸಿದ್ದು ಯಾವಾಗ?' 'ಇವತ್ತು ಕ್ಲಾಸಲ್ಲೋ ಮನೇಲೋ ಕೈಯೋ ಬಾಯೋ ಹಾಗೇ ಹಾರಿದ್ದು ಎಲ್ಲಿ?' ಉತ್ತರಕ್ಕೆ ಬೈಯಬೇಡಿ, ತಿದ್ದಬೇಡಿ. ಹತ್ತು ದಿನದಲ್ಲಿ ಮಕ್ಕಳೇ 'ಮಿಸ್, ಇವತ್ತು ನನ್ ಬಾಯಿ ಕೆರೆಗೆ ಹಾರ್ತು' ಅನ್ನತೊಡಗುತ್ತಾರೆ. ಆಗ 'ದಡ' ಎಂಬ ಮಾತನ್ನು ತರಗತಿಯ ಗುಟ್ಟಿನ ಸಂಕೇತ ಮಾಡಿಕೊಳ್ಳಿ. ಸಿಟ್ಟೇರುತ್ತಿರುವ ಮಗುವಿನ ಹತ್ತಿರ ಹೋಗಿ ಮೆಲ್ಲಗೆ 'ದಡ' ಅಂದರೆ ಸಾಕು. 'ಎಷ್ಟು ಸಲ ಹೇಳ್ಬೇಕು ನಿಂಗೆ' ಎಂಬ ಭಾಷಣ ಬೇಡ. ಕೆರಳಿದ ತಲೆಗೆ ಉದ್ದದ ವಾಕ್ಯ ಹೋಗುವುದಿಲ್ಲ, ಚಿಕ್ಕ ಮಾತು ಹೋಗುತ್ತದೆ. ಸಂಕೇತವನ್ನು ದೂರದಿಂದ ಕೂಗಿ ಹೇಳಿದರೆ ಅದು ಅವಮಾನವಾಗುತ್ತದೆ; ಆಮೇಲೆ ಆ ಮಾತಿಗೇ ಸಿಟ್ಟು ಬರತೊಡಗುತ್ತದೆ. ಇತರ ಮಕ್ಕಳು ಅದನ್ನು ಚುಡಾಯಿಸಲು ಬಳಸಿದರೆ ಅವತ್ತೇ ಸಂಕೇತ ಬದಲಿಸಿ.

ನಿಂತ ಮೇಲೆ ಏನು ಮಾಡುವುದು

'ಸುಮ್ಮನಿರು' ಅಂದರೆ ಮಗುವಿಗೆ ಮಾಡಲು ಏನೂ ಕೊಟ್ಟಂತಾಗುವುದಿಲ್ಲ. ಮೈಗೆ ಒಂದು ಕೆಲಸ ಕೊಡಿ. ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು. ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಬೇಕು. ಮೂರು ಎಣಿಸುವಷ್ಟು ಹೊತ್ತು ಮೂಗಿನಲ್ಲಿ ಉಸಿರು ಒಳಗೆ, ಐದು ಎಣಿಸುವಷ್ಟು ಹೊತ್ತು ಬಾಯಿಂದ ಹೊರಗೆ, ಎರಡು ಸಲ. ಒಟ್ಟು ಹದಿನೈದು ಹದಿನಾರು ಸೆಕೆಂಡು. ಉಸಿರು ಬಿಡುವಾಗ ಹೃದಯದ ಬಡಿತ ಕೊಂಚ ನಿಧಾನವಾಗುತ್ತದೆ, ಬಿಡುವ ಉಸಿರು ಉದ್ದವಿರಬೇಕು ಅನ್ನುವುದು ಅದಕ್ಕೇ. 'ಜೋರಾಗಿ ಉಸಿರು ಎಳ್ಕೋ' ಅನ್ನುವವರು ತಿಳಿಯದೆ ಉಲ್ಟಾ ಕಲಿಸುತ್ತಿರುತ್ತಾರೆ.

ಆಮೇಲೆ ಒಂದು ಪ್ರಶ್ನೆ. ಒಂದೇ. ಆರು–ಎಂಟು ವರ್ಷದವರಿಗೆ ಪ್ರಶ್ನೆಯೂ ಬೇಡ, ನಿಂತರೆ ಸಾಕು. ಒಂಬತ್ತು–ಹನ್ನೊಂದರವರಿಗೆ 'ಮಾಡಿದ್ರೆ ಮುಂದೇನು?' ಹನ್ನೆರಡು ದಾಟಿದವರಿಗೆ 'ಅವನು ಬೇಕಂತಲೇ ಮಾಡಿದ್ದಾ, ಬೇರೆ ಏನಾದರೂ ಇರಬಹುದಾ?' ಬೇಗ ಕೈ ಮಾಡುವ ಮಕ್ಕಳಲ್ಲಿ ಅನೇಕರು ಆಕಸ್ಮಿಕವಾಗಿ ತಾಗಿದ್ದನ್ನೂ ಬೇಕಂತಲೇ ತಳ್ಳಿದರು ಅಂತ ಓದಿಕೊಳ್ಳುತ್ತಾರೆ. ಸಾಲಿನಲ್ಲಿ ತಟ್ಟೆ ತಾಗಿದಾಗ ಹಿಂದಿನವನನ್ನೂ ಯಾರೋ ತಳ್ಳಿರಬಹುದು ಎಂಬ ಒಂದು ಸಾಧ್ಯತೆ ತಲೆಗೆ ಬಂದರೂ ಮೊಣಕೈ ಇಳಿಯುತ್ತದೆ.

ಇದನ್ನೆಲ್ಲ ಜಗಳದ ನಡುವೆ ಮೊದಲ ಸಲ ಕಲಿಸಲು ಹೋಗಬೇಡಿ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ, ಊಟಕ್ಕೆ ಸಾಲು ನಿಲ್ಲುವ ಮುಂಚೆ, ನಗುನಗುತ್ತಾ ಮಾಡಿಸಿ. ಇನ್ನೂ ಒಂದು ಮಾತು: ಮೂಲೆಯಲ್ಲಿ ನಿಲ್ಲಿಸುವ ಶಿಕ್ಷೆಗೂ ಇದಕ್ಕೂ ಸಂಬಂಧ ಬರಲೇಬಾರದು. 'ಹೋಗು, ಅಲ್ಲಿ ನಿಂತು ಉಸಿರಾಡು' ಅಂದ ದಿನವೇ ಉಸಿರಾಟ ಶಿಕ್ಷೆಯ ಪಟ್ಟಿಗೆ ಸೇರುತ್ತದೆ.

ಓದಿನಲ್ಲಿ ದುಡುಕು

ಲೆಕ್ಕ ಬರುತ್ತದೆ, ಆದರೆ ಪ್ರಶ್ನೆ ಅರ್ಧ ಓದಿ ಉತ್ತರ ಬರೆಯುತ್ತಾರೆ. ಇಂಥ ಮಕ್ಕಳಿಗೆ ತಮ್ಮೊಂದಿಗೆ ತಾವೇ ಮಾತಾಡಿಕೊಳ್ಳುವುದನ್ನು ಕಲಿಸುವ ಕ್ರಮವೊಂದನ್ನು ಮನಶ್ಶಾಸ್ತ್ರಜ್ಞರಾದ ಡೊನಾಲ್ಡ್ ಮೈಕೆನ್‌ಬಾಮ್ ಮತ್ತು ಜೋಸೆಫ್ ಗುಡ್‌ಮನ್ 1971ರಲ್ಲಿ ಪ್ರಕಟಿಸಿದರು. ಈಗಲೂ ಅದರಷ್ಟು ಸರಳ ಕ್ರಮ ಇನ್ನೊಂದಿಲ್ಲ. ಐದು ಹಂತ: ದೊಡ್ಡವರು ಗಟ್ಟಿಯಾಗಿ ಮಾತಾಡುತ್ತ ಮಾಡಿ ತೋರಿಸುವುದು, ದೊಡ್ಡವರು ಹೇಳುತ್ತಿರುವಾಗ ಮಗು ಮಾಡುವುದು, ಮಗು ತಾನೇ ಗಟ್ಟಿಯಾಗಿ ಹೇಳಿಕೊಂಡು ಮಾಡುವುದು, ಪಿಸುದನಿಯಲ್ಲಿ, ಕೊನೆಗೆ ಮನಸ್ಸಿನಲ್ಲೇ.

ಉದಾಹರಣೆಗೆ: ಒಂದು ಡಜನ್ ಬಾಳೆಹಣ್ಣಿಗೆ 60 ರೂಪಾಯಿ. 4 ಹಣ್ಣು ಕೊಂಡು 50 ರೂಪಾಯಿ ನೋಟು ಕೊಟ್ಟರೆ ಎಷ್ಟು ವಾಪಸ್ ಬರುತ್ತದೆ? ದುಡುಕಿದವರು 60ರಲ್ಲಿ 50 ಕಳೆದು 10 ಅಂತ ಬರೆದಿರುತ್ತಾರೆ, ಇಲ್ಲವೇ 20ಕ್ಕೆ ಬಂದು ನಿಂತಿರುತ್ತಾರೆ. ಬೋರ್ಡಿನ ಮುಂದೆ ನೀವು ಹೀಗೆ ಮಾತಾಡಿ: 'ಏನು ಕೇಳಿದಾರೆ? ವಾಪಸ್ ಎಷ್ಟು ಅಂತ. ಅದರ ಕೆಳಗೆ ಗೆರೆ ಎಳೀತೀನಿ. ಡಜನ್ ಅಂದ್ರೆ 12. ಒಂದಕ್ಕೆ 5. ನಾಲ್ಕಕ್ಕೆ 20. ಮುಗೀತಾ? ತಾಳು, ಗೆರೆ ಎಳೆದದ್ದು ಏನಿತ್ತು? ವಾಪಸ್. 50ರಲ್ಲಿ 20 ಹೋದ್ರೆ 30.' ಆ 'ಮುಗೀತಾ? ತಾಳು' ಅನ್ನುವುದೇ ಇಡೀ ಪಾಠದ ಜೀವ. ಬೇಕಂತಲೇ ನಡುವೆ ಒಂದು ತಪ್ಪು ಮಾಡಿ, 'ಅಯ್ಯೋ, ಅವಸರ ಮಾಡ್ದೆ, ಮತ್ತೆ ನೋಡ್ತೀನಿ' ಅಂತ ತಿದ್ದಿಕೊಂಡು ತೋರಿಸಿ. ತಪ್ಪಿದಾಗ ಏನು ಹೇಳಿಕೊಳ್ಳಬೇಕು ಎಂಬುದೂ ಮಕ್ಕಳಿಗೆ ಬೇಕು. ಪಿಸುದನಿಯ ಹಂತವನ್ನು ಹಾರಿಸಿದರೆ ಮಾತು ಒಳಗೆ ಹೋಗುವ ಮೊದಲೇ ನಿಂತುಹೋಗುತ್ತದೆ. ಅಲ್ಲಿ ಒಂದು ವಾರವಾದರೂ ಇರಿ.

ಶಿಕ್ಷಕರಿಗೆ ಇದರ ಜೊತೆ ಮಾಡಬಹುದಾದ ಸುಲಭದ ಕೆಲಸ, ಪ್ರಶ್ನೆ ಕೇಳಿ ಮೂರು ಸೆಕೆಂಡು ಸುಮ್ಮನಿರುವುದು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳನ್ನು ರೆಕಾರ್ಡ್ ಮಾಡಿ ನೋಡಿದಾಗ, ಶಿಕ್ಷಕರು ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡು ಅಂತ ಕಂಡಿತು. ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುವ ಮಕ್ಕಳೂ ಬಾಯಿ ಬಿಟ್ಟರು. 'ನಾನು ಮೂರು ಬೆರಳು ಮಡಚುವವರೆಗೆ ಯಾರೂ ಕೈ ಎತ್ತಬಾರದು' ಎಂಬ ನಿಯಮ ಮಾಡಿದರೆ ತಡೆಯುವುದು ದಿನಕ್ಕೆ ನಲವತ್ತು ಸಲ ತಾನಾಗಿ ಅಭ್ಯಾಸವಾಗುತ್ತದೆ.

ಹೀಗಾದರೆ ಹೀಗೆ

'ಇನ್ಮೇಲೆ ಸಿಟ್ಟು ಮಾಡ್ಕೊಳ್ಳಲ್ಲ' ಎಂಬ ಪ್ರತಿಜ್ಞೆ ಸಂಜೆಯವರೆಗೂ ನಿಲ್ಲುವುದಿಲ್ಲ. ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ತೋರಿಸಿದ ದಾರಿ ಬೇರೆ: ಯಾವ ಸಂದರ್ಭ, ಆಗ ಯಾವ ಕೆಲಸ, ಎರಡನ್ನೂ ಮೊದಲೇ ಗಂಟು ಹಾಕಿಡುವುದು. 'ಯಾರಾದ್ರೂ ನನ್ನ ಅಡ್ಡಹೆಸರು ಕರೆದ್ರೆ, ಎರಡೂ ಕೈ ಜೇಬಿಗೆ ಹಾಕ್ತೀನಿ.' 'ಚೆಂಡು ರೋಡಿಗೆ ಹೋದ್ರೆ, ಗೇಟ್ ಹಿಡ್ಕೊಂಡು ನಿಂತು ಎರಡೂ ಕಡೆ ನೋಡ್ತೀನಿ.' 'ಗ್ರೂಪಲ್ಲಿ ನನ್ನ ಬಗ್ಗೆ ಏನಾದ್ರೂ ಹಾಕಿದ್ರೆ, ಫೋನ್ ಅಮ್ಮನ ಕೈಗೆ ಕೊಟ್ಟು ನೀರು ಕುಡಿದು ಬರ್ತೀನಿ.'

ವಾಕ್ಯದ ಎರಡನೇ ಭಾಗ 'ಹೊಡೆಯಲ್ಲ', 'ಓಡಲ್ಲ' ಅಂತ ಇರಬಾರದು. ಇಲ್ಲದ ಕೆಲಸವನ್ನು ಕೈ ಮಾಡಲಾರದು. ಮೊದಲ ಭಾಗ ನಿಮ್ಮ ನೋಟ್‌ಬುಕ್ಕಿನ ಎರಡನೇ ಕಲಂನಿಂದ ಬರಲಿ, ಮಾತು ಮಗುವಿನದೇ ಆಗಿರಲಿ. ಬರೆದು ಅಂಟಿಸುವುದರಿಂದ ಅರ್ಧ ಕೆಲಸವೂ ಆಗುವುದಿಲ್ಲ. ನೀವು ಅಡ್ಡಹೆಸರು ಕರೆಯಿರಿ, ಅವನು ಕೈ ಜೇಬಿಗೆ ಹಾಕಲಿ. ಹೀಗೆ ಐದು ಸಲ, ಎರಡು ಮೂರು ದಿನ. ಒಬ್ಬ ಮಗುವಿಗೆ ಒಂದು ಹೊತ್ತಿಗೆ ಒಂದೇ ಯೋಜನೆ, ಕನಿಷ್ಠ ಎರಡು ವಾರ.

ಮುಷ್ಟಿಯೊಳಗಿನ ಚೆಂಡು

ಹೈಸ್ಕೂಲಿಗೆ ಬಂದವರು ಕೆರೆ–ದಡಕ್ಕೆ ಒಲ್ಲೆ ಅನ್ನಬಹುದು. ಅವರಿಗೆ ಶಿಕಾಗೋ ನಗರದಿಂದ ಬಂದ ಒಂದು ಚಟುವಟಿಕೆ ಇದೆ. ಅಲ್ಲಿನ ಯೂತ್ ಗೈಡೆನ್ಸ್ ಸಂಸ್ಥೆ ಬಡ ಬಡಾವಣೆಗಳ ಹುಡುಗರಿಗೆ 'ಬಿಕಮಿಂಗ್ ಎ ಮ್ಯಾನ್' ಎಂಬ ಕಾರ್ಯಕ್ರಮ ನಡೆಸುತ್ತದೆ. ಅದನ್ನು ಅಳೆದು 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಾರ್ಯಕ್ರಮ ನಡೆಯುತ್ತಿದ್ದ ಅವಧಿಯಲ್ಲಿ ಹುಡುಗರ ಒಟ್ಟು ಬಂಧನಗಳು ಶೇ 28ರಿಂದ 35ರಷ್ಟು, ಹಿಂಸೆಯ ಪ್ರಕರಣಗಳ ಬಂಧನಗಳು ಶೇ 45ರಿಂದ 50ರಷ್ಟು ಕಡಿಮೆಯಾದವು.

ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ. ಒಬ್ಬರ ಕೈಗೆ ಚೆಂಡು. 'ನಿಮ್ಮ ಜೊತೆಗಾರರ ಮುಷ್ಟಿಯಿಂದ ಚೆಂಡು ತೆಗೆದುಕೊಳ್ಳಲು ಮೂವತ್ತು ಸೆಕೆಂಡು ಸಮಯ' ಅಂತಷ್ಟೇ ಹೇಳಿ. ಹೇಗೆ ಅನ್ನಬೇಡಿ. ಬೆರಳು ಬಿಡಿಸುವುದು, ಕೈ ತಿರುಚುವುದು, ಕಚಗುಳಿ, ಕೂಗಾಟ ಶುರುವಾಗುತ್ತದೆ. ಮೂವತ್ತು ಸೆಕೆಂಡಿಗೆ ನಿಲ್ಲಿಸಿ, ಪಾತ್ರ ಬದಲಿಸಿ, ಇನ್ನೊಮ್ಮೆ. ಆಮೇಲೆ ಕೇಳಿ: 'ಚೆಂಡು ಕೊಡ್ತೀಯಾ ಅಂತ ಕೇಳಿದವರು ಎಷ್ಟು ಜನ?' ಕೈ ಏಳುವುದು ಅಪರೂಪ. ಚೆಂಡು ಹಿಡಿದವರನ್ನು ಕೇಳಿ: 'ಕೇಳಿದ್ದರೆ ಕೊಡ್ತಿದ್ದೆಯಾ?' 'ಹೂಂ, ಬರೀ ಚೆಂಡಲ್ವಾ' ಅನ್ನುವ ಉತ್ತರವೇ ಹೆಚ್ಚು ಬರುತ್ತದೆ.

ಇಲ್ಲಿ 'ನೋಡಿದ್ರಾ, ಯಾವಾಗಲೂ ಕೇಳಿ ಪಡೆಯಬೇಕು' ಅಂತ ಪಾಠ ಮಾಡಿದರೆ ಹುಡುಗರು ಕಿವಿ ಮುಚ್ಚಿಕೊಳ್ಳುತ್ತಾರೆ, ಮುಚ್ಚಿಕೊಳ್ಳುವುದು ಸರಿಯೂ ಹೌದು. ಬೀದಿಯಲ್ಲಿ ಪುಂಡನೊಬ್ಬ ಫೋನ್ ಕಸಿಯಲು ಬಂದಾಗ ಬಿಗಿಯಾಗಿ ನಿಲ್ಲುವುದಕ್ಕೆ ಅರ್ಥವಿರಬಹುದು. ಅದೇ ಬಿಗಿತನವನ್ನು 'ಫೋನ್ ಒಳಗಿಡು' ಅಂದ ಟೀಚರ್ ಮುಂದೆ ತೋರಿಸಿದರೆ ತೊಂದರೆ. ಹುಡುಗ ಕೇಳಿಕೊಳ್ಳಬೇಕಾದ್ದು ಇಷ್ಟೇ: 'ಇದು ಯಾವ ಜಾಗ? ಅಲ್ಲಿ ಮಾಡುವುದನ್ನೇ ಇಲ್ಲೂ ಮಾಡುತ್ತಿದ್ದೇನಾ?' ಉತ್ತರ ಅವನದು.

ಬಳೆ, ಉಂಗುರ ತೆಗೆಸಿ, ಉಗುರು ಉದ್ದವಿದ್ದವರನ್ನು ಸಮಯ ನೋಡಲು ನಿಲ್ಲಿಸಿ. ಹುಡುಗ ಹುಡುಗಿಯರ ಜೋಡಿ ಬೇರೆ ಬೇರೆ ಇರಲಿ, ಹಳೆಯ ಜಗಳ ಇರುವ ಇಬ್ಬರನ್ನು ಜೋಡಿ ಮಾಡಬೇಡಿ. ಒಂದು ತಂಡಕ್ಕೆ ಇದು ಒಂದೇ ಸಲ ನಡೆಯುತ್ತದೆ; ಎ ಸೆಕ್ಷನ್ನಿಗೂ ಬಿ ಸೆಕ್ಷನ್ನಿಗೂ ಒಂದೇ ದಿನ ಮಾಡಿಸಿ, ಇಲ್ಲದಿದ್ದರೆ ಗುಟ್ಟು ಊಟದ ಬಿಡುವಿನಲ್ಲಿ ದಾಟಿಬಿಡುತ್ತದೆ.

ದೊಡ್ಡವರು ಮಾತು ಉಳಿಸಿಕೊಳ್ಳಬೇಕು

ಕಾಯುವ ಮಗುವೇ ಮುಂದೆ ಬರುತ್ತದೆ ಅನ್ನುವುದಕ್ಕೆ ಮಾರ್ಷ್‌ಮೆಲೋ ಪರೀಕ್ಷೆಯ ಉದಾಹರಣೆ ಕೊಡುವವರು ಬಹಳ. ಅಮೆರಿಕದ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಷೆಲ್ ಸ್ಟ್ಯಾನ್‌ಫರ್ಡ್‌ನಲ್ಲಿ ಮಾಡಿದ್ದು: ಒಂದು ಸಿಹಿಯನ್ನು ತಕ್ಷಣ ತಿನ್ನಬಹುದು, ಕಾದರೆ ಎರಡು. ಆದರೆ 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ನೋಡಿದಾಗ, ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ಹಿಡಿದರೆ ಕಾಯುವಿಕೆಗೂ ಮುಂದಿನ ಓದಿಗೂ ಇರುವ ನಂಟು ಬಹಳ ಸಣ್ಣದು ಅಂತ ತಿಳಿಯಿತು. ನಮಗೆ ಹೆಚ್ಚು ಉಪಯೋಗದ್ದು 2013ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದಿಂದ ಬಂದ ಪ್ರಯೋಗ. 28 ಪುಟ್ಟ ಮಕ್ಕಳಲ್ಲಿ ಅರ್ಧ ಜನಕ್ಕೆ ಮೊದಲು ಒಳ್ಳೆಯ ಬಣ್ಣದ ಕಡ್ಡಿ ತಂದುಕೊಡುತ್ತೇವೆ ಅಂತ ಹೇಳಿ ತಂದುಕೊಟ್ಟರು, ಉಳಿದವರಿಗೆ ಹೇಳಿ ತಪ್ಪಿಸಿದರು. ಆಮೇಲೆ ಸಿಹಿಯ ಪರೀಕ್ಷೆ. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ 3 ನಿಮಿಷ.

ಮಾತು ತಪ್ಪುವ ಮನೆಯಲ್ಲಿ ಕಾಯದಿರುವುದು ಮಗುವಿನ ಜಾಣತನ. ಆದ್ದರಿಂದ 'ಆಮೇಲೆ ಕೊಡ್ತೀನಿ' ಅನ್ನಬೇಡಿ, 'ಊಟ ಆದ್ಮೇಲೆ ಕೊಡ್ತೀನಿ' ಅನ್ನಿ, ಊಟವಾದ ಮೇಲೆ ಮಗು ಕೇಳುವ ಮೊದಲೇ ಕೊಡಿ. ಕೊಡಲು ಆಗದ್ದಕ್ಕೆ ಮೊದಲೇ 'ಆಗಲ್ಲ ಕಂದ' ಅನ್ನಿ. ಕ್ಲಾಸಿನಲ್ಲಿ 'ಕೊನೆಯ ಪೀರಿಯಡ್ ಆಟ' ಅಂತ ಹೇಳಿ ಸಿಲಬಸ್ ಮುಗಿಸಲು ಕೂರಿಸಿದರೆ ಎಂಟು ವಾರದ ಅಭ್ಯಾಸ ಒಂದೇ ದಿನದಲ್ಲಿ ಸಡಿಲವಾಗುತ್ತದೆ. ನೀವೇ ಸಿಟ್ಟಿನಲ್ಲಿ ಕೈ ಎತ್ತಿದರಂತೂ ಮೊದಲಿಂದ ಶುರುಮಾಡಬೇಕು.

ದೂರವಿಡುವುದೂ ತಡೆಯೇ

ಮಿಷೆಲ್‌ರ ಪ್ರಯೋಗದಲ್ಲಿ ಹೆಚ್ಚು ಹೊತ್ತು ಕಾದವರು ಕಣ್ಣು ಮುಚ್ಚಿಕೊಂಡವರು, ಬೆನ್ನು ತಿರುಗಿಸಿದವರು, ಹಾಡು ಗುನುಗಿದವರು. ಸಿಹಿಯನ್ನು ಮುಚ್ಚಿಟ್ಟಾಗ ಮಕ್ಕಳಿಗೆ ಕಾಯುವುದು ಸುಲಭವಾಯಿತು. ಮನೆಯಲ್ಲೂ ಹಾಗೆಯೇ ಮಾಡಿ: ಓದುವಾಗ ಫೋನ್ ಬೇರೆ ಕೋಣೆಯಲ್ಲಿರಲಿ, ಬೈಕಿನ ಕೀ ಗೋಡೆಯ ಮೊಳೆಯಲ್ಲಿ ನೇತಾಡದಿರಲಿ. ಹದಿನೆಂಟು ತುಂಬದವರು ಗಾಡಿ ಓಡಿಸಿ ಅಪರಾಧವಾದರೆ, 2019ರ ತಿದ್ದುಪಡಿಯಾದ ಕಾಯ್ದೆಯಂತೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಇದೆ.

ಹೊಲಮನೆ ಇರುವವರು ದಯವಿಟ್ಟು ಇದನ್ನು ಓದಿ. ಹದಿಹರೆಯದವರ ಆತ್ಮಹತ್ಯೆ ಯತ್ನಗಳಲ್ಲಿ ಅನೇಕವು ಗಂಟೆಗಟ್ಟಲೆ ಯೋಚಿಸಿ ಮಾಡಿದವಲ್ಲ. ಫಲಿತಾಂಶ ಬಂದ ಸಂಜೆ, ಒಂದು ಬೈಗುಳದ ನಂತರ, ಕೈಗೆಟುಕುವಲ್ಲಿ ಔಷಧಿ ಡಬ್ಬಿ. ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯೊಳಗೆ ಇಡಲೇಬೇಡಿ. ಬೇರೆ ಕಡೆ ಪೆಟ್ಟಿಗೆಯಲ್ಲಿ ಬೀಗ ಹಾಕಿ, ಕೀ ಒಬ್ಬರ ಹತ್ತಿರ ಮಾತ್ರ ಇರಲಿ. ಶ್ರೀಲಂಕಾ 1995ರಲ್ಲಿ ಅತಿ ವಿಷದ ಕೀಟನಾಶಕಗಳನ್ನೂ 1998ರಲ್ಲಿ ಎಂಡೋಸಲ್ಫಾನನ್ನೂ ನಿಷೇಧಿಸಿದ ಮೇಲೆ, 2005ರ ಹೊತ್ತಿಗೆ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಆ ಒಂದು ಗಳಿಗೆ ದಾಟಿದರೆ ಜೀವ ಉಳಿಯುತ್ತದೆ. ಮಗು ಸಾಯುವ ಮಾತಾಡಿದರೆ ಅದನ್ನು ಹೆದರಿಸುವ ಆಟ ಅಂದುಕೊಳ್ಳಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಎಂಟು ವಾರದ ನಂತರ

ಮೊದಲ ವಾರದ ಹಾಗೆಯೇ ಮತ್ತೆ ಐದು ದಿನ ನಾಲ್ಕು ಕಲಂ ತುಂಬಿ, ಹಳೆಯ ಪುಟದ ಪಕ್ಕ ಇಟ್ಟು ನೋಡಿ. ಎಣಿಕೆ ಇಳಿಯದಿದ್ದರೂ, ದುಡುಕಿದ ಮೇಲೆ ತಾನಾಗಿ 'ಹಾರ್ಬಿಟ್ಟೆ' ಅಂತ ಗುರುತಿಸುತ್ತಿದ್ದರೆ ಕೆಲಸ ನಡೆಯುತ್ತಿದೆ, ಮುಂದುವರಿಸಿ. ಏನೂ ಬದಲಾಗಿಲ್ಲ, ಮನೆಯಲ್ಲೂ ಶಾಲೆಯಲ್ಲೂ ಎರಡೂ ಕಡೆ ಇದೇ ಪಾಡು, ಆರು ತಿಂಗಳಿಗೂ ಮೀರಿದೆ, ಚಿಕ್ಕಂದಿನಿಂದಲೂ ಹೀಗೇ, ಜೊತೆಗೆ ಗಮನವೂ ನಿಲ್ಲುತ್ತಿಲ್ಲ ಅಂತಿದ್ದರೆ ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆ) ಇರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಕರೆದುಕೊಂಡು ಹೋಗಿ, ನಿಮ್ಮ ನೋಟ್‌ಬುಕ್ ಜೊತೆಗಿರಲಿ. ವೈದ್ಯರು ಕೇಳುವ ಅರ್ಧ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರುತ್ತದೆ.

ಶಾಲೆಯಲ್ಲಿ ಮಾಡಿಸಿದವರು ಮಾರ್ಚ್ ತಿಂಗಳಲ್ಲಿ, ಮುಂದಿನ ತರಗತಿಯ ಶಿಕ್ಷಕರಿಗೆ ಒಂದು ಹಾಳೆ ಬರೆದುಕೊಡಿ: ಯಾವ ಮಗುವಿಗೆ ಯಾವ ಸಂಕೇತ, ಯಾರ 'ಹೀಗಾದರೆ ಹೀಗೆ' ಯಾವುದು, ಯಾವ ಹೊತ್ತಿನಲ್ಲಿ ಕಷ್ಟ. ಮಕ್ಕಳ ತಪ್ಪುಗಳ ಪಟ್ಟಿ ಅದರಲ್ಲಿ ಬೇಡ.